ಕಾಲುವೆಗೆ ಗುದ್ದಲಿ ಹಾಕೋರು ಯಾರು? ಸಂವಿಧಾನದ ಬಗ್ಗೆ ವಕೀಲರಿಗೆ ಪ್ರಶ್ನೆ

ಪ್ರಶ್ನೆ (ರೈತರೊಬ್ಬರು, ನವಲಗುಂದ):
ನಮಸ್ಕಾರ್ರೀ ವಕೀಲ ಮೇಡಂ. ಮಹದಾಯಿ ನದಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ವಿಷಯ ನಿಮಗೆ ಗೊತ್ತೇ ಇದೆ. ನ್ಯಾಯಮಂಡಳಿಯ ತೀರ್ಪು ಬಂತು, ಗೆಜೆಟ್‌ನಲ್ಲೂ ಬಂತು, ಆದರೂ ಆ ಹಳ್ಳಗಳ ನೀರು ನಮ್ಮ ಮಲಪ್ರಭೆಗೆ ಬಂದಿಲ್ಲ. ಬೆಂಗಳೂರಿನವರನ್ನು ಕೇಳಿದರೆ ದಿಲ್ಲಿ ಕಡೆ ಕೈ ತೋರಿಸುತ್ತಾರೆ, ದಿಲ್ಲಿಯವರು ಬೆಂಗಳೂರಿನ ಕಡೆ. ನೀರು ರಾಜ್ಯದ ವಿಷಯ ಅಂತ ನನ್ನ ಮಗ ಶಾಲೆಯಲ್ಲಿ ಓದಿದ್ದಾನೆ. ಹಂಗಿದ್ರೆ ರಾಜ್ಯವೇ ಯಾಕೆ ಕೆಲಸ ಶುರು ಮಾಡಬಾರದು? ಸಂವಿಧಾನದಲ್ಲಿ ಇದಕ್ಕೆ ಉತ್ತರ ಇದೆಯೋ ಇಲ್ಲವೋ?

ಉತ್ತರ (ವಕೀಲರು, ಹೈಕೋರ್ಟ್ ಪೀಠ, ಧಾರವಾಡ):
ಯಜಮಾನ್ರೇ, ನಿಮ್ಮ ಮಗ ಓದಿದ್ದು ಸುಳ್ಳಲ್ಲ, ಆದರೆ ಆ ಸಾಲಿನ ಬಾಲ ಬಿಟ್ಟುಹೋಗಿದೆ. ನಿಮ್ಮ ಕಾಲುವೆ ಸಿಕ್ಕಿಕೊಂಡಿರೋದು ಆ ಬಾಲದಲ್ಲೇ.

ಅಣ್ಣತಮ್ಮಂದಿರು ಬೇರೆಯಾದಾಗ ವಾಟ್ನಿ ಪತ್ರ ಮಾಡಿಕೊಳ್ಳುತ್ತಾರಲ್ಲ, ಸಂವಿಧಾನದ ಏಳನೇ ಅನುಸೂಚಿ ಹೆಚ್ಚುಕಡಿಮೆ ಹಾಗೆ. ಮೂರು ಪಟ್ಟಿ ಇವೆ. ಕೇಂದ್ರದ್ದು ಒಂದು, ರಾಜ್ಯದ್ದು ಒಂದು, ಇಬ್ಬರೂ ಕಾನೂನು ಮಾಡಬಹುದಾದ್ದು ಒಂದು. ಸೇನೆ, ರೈಲು, ನೋಟು ಕೇಂದ್ರಕ್ಕೆ. ಪೊಲೀಸ್, ಆಸ್ಪತ್ರೆ, ಜಮೀನು, ಬೇಸಾಯ ರಾಜ್ಯಕ್ಕೆ. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರಕ್ಕೆ.

ಈಗ ರಾಜ್ಯ ಪಟ್ಟಿಯ 17ನೇ ನಮೂದು ನೋಡಿ. ಪುಸ್ತಕ ಎದುರಿಗೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀರು ಸರಬರಾಜು, ನೀರಾವರಿ, ಕಾಲುವೆ, ಒಡ್ಡು, ನೀರಿನ ಸಂಗ್ರಹ, ಜಲವಿದ್ಯುತ್ ಎಲ್ಲ ಇದೆ. ಕೊನೆಗೆ ಒಂದು ಮಾತು: ಕೇಂದ್ರ ಪಟ್ಟಿಯ 56ನೇ ನಮೂದಿಗೆ 'ಒಳಪಟ್ಟು'. ಆ 56 ಏನು? ಒಂದಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಹರಿಯುವ ನದಿಗಳ ನಿಯಂತ್ರಣವನ್ನು ಸಂಸತ್ತು ಕಾನೂನು ಮಾಡಿ ಕೇಂದ್ರದ ಕೈಗೆ ತೆಗೆದುಕೊಳ್ಳಬಹುದು ಅನ್ನೋದು. ಅದಲ್ಲದೆ 262ನೇ ವಿಧಿ ಬೇರೆ ಇದೆ. ಇಂಥ ನದಿಗಳ ಜಗಳ ಬಿಡಿಸುವ ದಾರಿಯನ್ನು ಸಂಸತ್ತು ಕಾನೂನು ಮಾಡಿ ಹಾಕಿಕೊಡಬಹುದು, ಬೇಕಾದರೆ ಸುಪ್ರೀಂ ಕೋರ್ಟನ್ನೂ ಹೊರಗಿಡಬಹುದು ಅಂತ. 1956ರ ಅಂತರರಾಜ್ಯ ನದಿ ನೀರಿನ ವಿವಾದಗಳ ಕಾನೂನು ಬಂದದ್ದು ಹಾಗೆ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ಜಗಳಕ್ಕೆ ಮಹದಾಯಿ ನ್ಯಾಯಮಂಡಳಿ ಬಂದದ್ದೂ ಹಾಗೆ.

ಆ ಕಾನೂನಿನ ಪ್ರಕಾರ ನ್ಯಾಯಮಂಡಳಿ ಮೂರು ವರ್ಷದಲ್ಲಿ, ತಡವಾದರೆ ಇನ್ನೆರಡು ವರ್ಷದಲ್ಲಿ ವರದಿ ಕೊಡಬೇಕು. ಮಹದಾಯಿಯದ್ದು ಆಗಿದ್ದು 2010ರಲ್ಲಿ, ತೀರ್ಪು ಬಂದದ್ದು 2018ರ ಆಗಸ್ಟ್‌ನಲ್ಲಿ. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ). ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಗೆಜೆಟ್‌ನಲ್ಲಿ ಪ್ರಕಟ ಆಗಲು 2020ರ ಫೆಬ್ರವರಿ ಬರಬೇಕಾಯಿತು. ನಿಮ್ಮ ಕಡೆಯವರು ನರಗುಂದದಲ್ಲಿ ಧರಣಿ ಕೂತದ್ದು 2015ರಲ್ಲಿ. ಈ ವರ್ಷಗಳನ್ನು ಒಂದರ ಪಕ್ಕ ಒಂದು ಬರೆದಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಗೆಜೆಟ್ ಆದ ಮೇಲೆ ಆ ತೀರ್ಪಿಗೆ ಸುಪ್ರೀಂ ಕೋರ್ಟ್ ಆದೇಶದಷ್ಟೇ ಬಲ. ಹಂಗಿದ್ರೂ ಯಾಕೆ ನಿಂತಿದೆ? ಆ ಹಳ್ಳಗಳಿರೋದು ಖಾನಾಪುರದ ಕಾಡಿನಲ್ಲಿ. ಕಾಡು ಮತ್ತು ಕಾಡುಪ್ರಾಣಿ ಮೊದಲು ರಾಜ್ಯ ಪಟ್ಟಿಯಲ್ಲೇ ಇದ್ದವು. 1976ರಲ್ಲಿ 42ನೇ ತಿದ್ದುಪಡಿ ಇವನ್ನೂ ಶಿಕ್ಷಣವನ್ನೂ ಎತ್ತಿ ಮೂರನೇ ಪಟ್ಟಿಗೆ ಹಾಕಿತು. 1980ರ ಅರಣ್ಯ ಕಾನೂನು ಬಂದ ಮೇಲೆ ಕಾಡಿನ ಜಾಗದಲ್ಲಿ ಕಾಲುವೆ ಮಾಡಲು ಕೇಂದ್ರದ ಒಪ್ಪಿಗೆ ಬೇಕೇ ಬೇಕು. ಕಾಡುಪ್ರಾಣಿಗಳ ರಕ್ಷಣೆಯ ಲೆಕ್ಕದಲ್ಲಿ ಇನ್ನೊಂದು ಒಪ್ಪಿಗೆ. ಇದು ಸಾಲದು ಅಂತ ತೀರ್ಪಿನ ಮೇಲೆ ರಾಜ್ಯಗಳೇ ಸುಪ್ರೀಂ ಕೋರ್ಟಿಗೆ ಹೋಗಿವೆ.

ಹೀಗಾಗಿ ನೀರು, ಯೋಜನೆ, ದುಡ್ಡು, ಟೆಂಡರ್ ರಾಜ್ಯದ ಕೈಯಲ್ಲಿ. ಕಾಡಿನ ಒಪ್ಪಿಗೆ ಕೇಂದ್ರದ ಕೈಯಲ್ಲಿ. ಒಪ್ಪಿಗೆ ಇಲ್ಲದೆ ರಾಜ್ಯ ಗುದ್ದಲಿ ಹಾಕಿದರೆ ತಡೆಯಾಜ್ಞೆ ತರೋದು ಯಾರಿಗೂ ಕಷ್ಟ ಅಲ್ಲ. ಇಬ್ಬರೂ ಕೈ ತೋರಿಸುತ್ತಾರೆ ಅಂದ್ರಲ್ಲ, ಇಬ್ಬರ ಹತ್ತಿರವೂ ಒಂದೊಂದು ತುಂಡು ಇರೋದಕ್ಕೇ ಹಾಗೆ ಮಾಡಲು ಆಗುತ್ತಿದೆ.

ಪ್ರಶ್ನೆ (ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ):
ಅಕ್ಕಾ, ಕೆಎಎಸ್‌ಗೆ ಓದುತ್ತಿದ್ದೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಅಂತ ಉರು ಹೊಡೆಯುತ್ತೇವೆ. ಆದರೆ ಮಂತ್ರಿಗಳೆಲ್ಲ ವಿಧಾನಸಭೆಯಲ್ಲೇ ಕೂತಿರುತ್ತಾರೆ ಅಲ್ವಾ? ಮತ್ತೆ ಬೇರೆ ಆಗಿದ್ದು ಎಲ್ಲಿ?

ಉತ್ತರ:
ಒಳ್ಳೆ ಪ್ರಶ್ನೆ ತಂಗಿ. ಅಮೆರಿಕದಲ್ಲಿ ಮಂತ್ರಿ ಆಗಬೇಕಾದರೆ ಕಾಂಗ್ರೆಸ್ ಸದಸ್ಯತ್ವ ಬಿಡಬೇಕು. ನಮ್ಮಲ್ಲಿ ತಿರುಗಾಮುರುಗಾ. ಮಂತ್ರಿ ಆದವರು ಆರು ತಿಂಗಳೊಳಗೆ ಸದನದ ಸದಸ್ಯರಾಗದಿದ್ದರೆ ಸ್ಥಾನ ಹೋಗುತ್ತದೆ. ಬೇಕಂತಲೇ ಹಾಗೆ ಕಟ್ಟಿದ್ದಾರೆ. ಮಂತ್ರಿಮಂಡಲ ದಿನಾ ವಿಧಾನಸಭೆಗೆ ಉತ್ತರ ಕೊಡಬೇಕು, ಸಭೆಯ ನಂಬಿಕೆ ಹೋದ ದಿನ ಮನೆಗೆ ಹೋಗಬೇಕು. ಕಾರ್ಯಾಂಗದಿಂದ ಬೇರೆ ಇಡಬೇಕು ಅಂತ 50ನೇ ವಿಧಿ ಹೇಳಿದ್ದು ನ್ಯಾಯಾಂಗವನ್ನು.

ಇದನ್ನು ಸುಮ್ನೆ ಉರು ಹೊಡೆಯಬೇಡ, ನಮ್ಮ ಊರಿನ ಕಥೆ ಹಿಡಿದುಕೊಂಡು ಓದು. ಎಸ್.ಆರ್. ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರು, 1988ರಲ್ಲಿ ಮುಖ್ಯಮಂತ್ರಿ ಆದರು. ಮರುವರ್ಷ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅನ್ನುವ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಜನ, ನಮ್ಮ ಸಹಿ ಮೋಸದಿಂದ ತಗೊಂಡದ್ದು ಅಂತ ತಿರುಗಿ ಬರೆದುಕೊಟ್ಟರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. 1989ರ ಏಪ್ರಿಲ್ 21ಕ್ಕೆ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು, ಸರ್ಕಾರ ಹೋಯಿತು. ಹೈಕೋರ್ಟಿನಲ್ಲಿ ಸೋತರು. ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಎಣಿಸಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮುಂಚೆ ವಿಧಾನಸಭೆ ವಿಸರ್ಜಿಸುವಂತಿಲ್ಲ.

ಅಷ್ಟೊತ್ತಿಗೆ ಐದು ವರ್ಷ ಕಳೆದಿತ್ತು, ಅವರ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಈವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ತೆಗೆಯೋದು ಈ ತೀರ್ಪನ್ನೇ. ನಮ್ಮ ಕಡೆಯ ಒಬ್ಬರ ಹಟದಿಂದ ದೇಶಕ್ಕೆಲ್ಲ ಆದ ಉಪಕಾರ ಇದು. ಮೂರೂ ಅಂಗ ಒಂದನ್ನೊಂದು ಹೇಗೆ ಹಿಡಿಯುತ್ತವೆ ಅನ್ನೋದು ಇದೊಂದೇ ಕೇಸಿನಲ್ಲಿ ಸಿಗುತ್ತದೆ.

ಪ್ರಶ್ನೆ (ಹಾವೇರಿಯಿಂದ ಒಬ್ಬರು):
ಮೂರನೇ ಪಟ್ಟಿಯಲ್ಲಿ ಕೇಂದ್ರದ ಕಾನೂನು, ರಾಜ್ಯದ ಕಾನೂನು ಎರಡೂ ಇದ್ದು ಒಂದಕ್ಕೊಂದು ತಾಳೆ ಆಗದಿದ್ದರೆ?

ಉತ್ತರ:
ಕೇಂದ್ರದ್ದೇ ನಡೆಯುತ್ತದೆ. ಆದರೆ ಒಂದು ಬಾಗಿಲಿದೆ, 254ನೇ ವಿಧಿಯಲ್ಲಿ. ರಾಜ್ಯದ ಮಸೂದೆಗೆ ರಾಷ್ಟ್ರಪತಿ ಅಂಕಿತ ಸಿಕ್ಕರೆ ಆ ರಾಜ್ಯದ ಮಟ್ಟಿಗೆ ರಾಜ್ಯದ್ದು ನಿಲ್ಲುತ್ತದೆ. ನಿಮ್ಮ ಕಡೆ ಚಕ್ಕಡಿ ಓಟ ನೋಡಿರುತ್ತೀರಿ. ಪ್ರಾಣಿಹಿಂಸೆ ತಡೆ ಕಾನೂನು 1960ರದ್ದು, ಕೇಂದ್ರದ್ದು. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಷರತ್ತಿನ ಮೇಲೆ ಅವಕಾಶ ಕೊಟ್ಟು ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದಿತು, ಅಂಕಿತ ಸಿಕ್ಕಿತು. 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪ್ರಶ್ನೆ (ನವಲಗುಂದದ ರೈತರು, ಮತ್ತೆ):
ತಿಳೀತು ಮೇಡಂ. ಈಗ ನಾವು ಯಾರಿಗೆ ಏನಂತ ಬರೆಯಬೇಕು, ಅದನ್ನೂ ಹೇಳಿಬಿಡಿ.

ಉತ್ತರ:
ಎರಡು ಮಾಹಿತಿ ಹಕ್ಕು ಅರ್ಜಿ ಹಾಕಿ. ಮೊದಲನೆಯದು ರಾಜ್ಯದ ಜಲಸಂಪನ್ಮೂಲ ಇಲಾಖೆಗೆ: ಕಾಡಿನ ಒಪ್ಪಿಗೆ ಕೇಳಿ ಯಾವ ತಾರೀಖಿಗೆ ಬರೆದಿರಿ, ಏನು ತಕರಾರು ಬಂತು, ಅದಕ್ಕೆ ಯಾವ ತಾರೀಖಿಗೆ ಉತ್ತರ ಕೊಟ್ಟಿರಿ. ಎರಡನೆಯದು ಕೇಂದ್ರದ ಪರಿಸರ ಸಚಿವಾಲಯಕ್ಕೆ: ಕರ್ನಾಟಕದಿಂದ ಬಂದ ಕಾಗದ ಈಗ ಯಾರ ಮೇಜಿನ ಮೇಲಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಅರ್ಜಿ ಒಂದೇ ವಿಷಯದ ಮೇಲೆ, 150 ಶಬ್ದದೊಳಗೆ ಇರಲಿ, ಇಲ್ಲದಿದ್ದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ. ಎರಡೂ ಉತ್ತರ ಬಂದ ಮೇಲೆ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ನನಗೂ ಕಳಿಸಿ. ಅರ್ಜಿ ಬರೆಯಲು ಕಷ್ಟ ಆದರೆ ಶನಿವಾರ ಮಧ್ಯಾಹ್ನ ಆಫೀಸಿಗೆ ಬನ್ನಿ, ನಿಮ್ಮ ಮಗನನ್ನೂ ಕರೆದುಕೊಂಡು ಬನ್ನಿ, ಅವನ ಕೈಯಿಂದಲೇ ಬರೆಸೋಣ.