ಮುಳುಗೋದು ರಕ್ತದಲ್ಲೇ ಬರುತ್ತಾ?

ಪ್ರಶ್ನೆ (ಕುಮಟಾ): ಮೇಡಂ, ನಮ್ಮ ಮನೆಯವರು ಅಜ್ಜನ ಕಾಲದಿಂದ ಅಘನಾಶಿನಿ ಅಳಿವೆಯಲ್ಲಿ ಮುಳುಗಿ ಬಳಚು, ಅಂದ್ರೆ ತಿನ್ನೋ ಚಿಪ್ಪುಜೀವಿ, ತೆಗೆಯೋರು. ನನ್ನ ಮಗ ಸಣ್ಣವನು, ನೀರಿನಡಿ ಕಣ್ಣು ಬಿಟ್ಟುಕೊಂಡೇ ಬಳಚು ಹೆಕ್ಕುತ್ತಾನೆ. ಬೆಂಗಳೂರಲ್ಲಿ ಬೆಳೆದ ಅಣ್ಣನ ಮಗ ಮೊಣಕಾಲುದ್ದ ನೀರಿಗೇ ಅಳುತ್ತಾನೆ. ರಕ್ತದಲ್ಲೇ ಬಂದದ್ದು ಅಂತಾರೆ ಅಮ್ಮ. ಹೌದಾ?

ಉತ್ತರ (ಜೀವಶಾಸ್ತ್ರ ಉಪನ್ಯಾಸಕಿ): ಇಬ್ಬರಿಗೂ ಅಜ್ಜ ಒಬ್ಬರೇ ಅಲ್ವಾ? ರಕ್ತದಲ್ಲೇ ಬರೋದಾದರೆ ಅಣ್ಣನ ಮಗನಿಗೂ ಒಂದಿಷ್ಟು ಬರಬೇಕಿತ್ತು. ಅಪ್ಪ ಕಲಿತದ್ದು ಅವರ ಮಿದುಳಲ್ಲಿ, ಸ್ನಾಯುಗಳಲ್ಲಿ ಕೂತಿರುತ್ತದೆ. ಮಗುವಿಗೆ ಹೋಗೋದು ವೀರ್ಯಾಣು, ಅಂಡಾಣುವಿನ ಜೀನು, ಅದರಲ್ಲಿ ಈಜಿನ ಪಾಠ ಇರೋದಿಲ್ಲ. ಎಷ್ಟೋ ತಲೆಮಾರಿಂದ ಕಿವಿ ಚುಚ್ಚಿಸ್ತಾ ಬಂದಿದ್ದೇವೆ, ತೂತಿನ ಸಮೇತ ಯಾವ ಮಗುವೂ ಹುಟ್ಟಲಿಲ್ಲ! 1880ರ ದಶಕದಲ್ಲಿ ಜರ್ಮನಿಯ ಜೀವಶಾಸ್ತ್ರಜ್ಞ ವೈಸ್‌ಮನ್ ಐದು ತಲೆಮಾರು ಇಲಿಗಳ ಬಾಲ ಕತ್ತರಿಸಿ ನೋಡಿದರು. 901 ಮರಿ ಹುಟ್ಟಿದವು, ಒಂದಕ್ಕೂ ಬಾಲ ಗಿಡ್ಡ ಆಗಲಿಲ್ಲ.

ಕಣ್ಣಿನ ವಿಷಯ ಇನ್ನೂ ಮಜಾ ಇದೆ. ಥಾಯ್ಲೆಂಡ್ ಕಡೆ ಮೊಕೆನ್ ಅಂತ ಕಡಲ ಜನ ಇದ್ದಾರೆ. ಅವರ ಮಕ್ಕಳಿಗೆ ನೀರಿನಡಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟ ಕಾಣುತ್ತದೆ ಅಂತ 2003ರಲ್ಲಿ ಸ್ವೀಡನ್ನಿನ ಸಂಶೋಧಕಿ ಆನಾ ಗಿಸ್ಲೆನ್ ತಂಡ ತೋರಿಸಿತು. ನಮಗೆ ನಿಮಗೆ ನೀರಿನಡಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಆ ಮಕ್ಕಳು ಅದನ್ನೇ ಕುಗ್ಗಿಸಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಬಂದದ್ದು ಅನ್ನಿಸುತ್ತೆ ಅಲ್ವಾ? ಆಮೇಲೆ ಯುರೋಪಿನ ಮಕ್ಕಳಿಗೂ ಅಭ್ಯಾಸ ಮಾಡಿಸಿದರು, ಅವರಿಗೂ ಬಂತು.

ಪ್ರಶ್ನೆ (ಕಾರವಾರ): ಕಡಲಲ್ಲಿ ಮುಳುಗಿ ಮೀನು ಹಿಡಿಯೋ ಇಂಡೋನೇಷ್ಯಾದ ಬಜಾವ್ ಜನರ ಗುಲ್ಮ, ಅದೇ ಸ್ಪ್ಲೀನ್, ದೊಡ್ಡದು ಅಂತ ಓದಿದ್ದೆ. ಮುಳುಗಿ ಮುಳುಗಿ ಬೆಳೆದದ್ದಲ್ವಾ?

ಉತ್ತರ: ಅಲ್ಲ. 2018ರಲ್ಲಿ ಅಳೆದಾಗ ಮುಳುಗೋ ಕಸುಬಿಲ್ಲದ ಪಕ್ಕದ ಸಾಲುವನ್ ಜನರಿಗಿಂತ ಸುಮಾರು ಅರ್ಧದಷ್ಟು ದೊಡ್ಡದಿತ್ತು, ನೀರಿಗೇ ಇಳಿಯದ ಬಜಾವ್‌ಗಳಿಗೂ! ಮುಳುಗಿದಾಗ ಗುಲ್ಮ ಹಿಂಡಿಕೊಂಡು, ಆಮ್ಲಜನಕ ಹೊತ್ತ ರಕ್ತಕಣಗಳನ್ನು ಬಿಡುತ್ತದೆ. ಹಿಂದೆ ಸುಮ್ನೆ ಆಕಸ್ಮಿಕವಾಗಿ ದೊಡ್ಡ ಗುಲ್ಮ ಇಟ್ಟುಕೊಂಡು ಹುಟ್ಟಿದವರು ಜಾಸ್ತಿ ಹೊತ್ತು ಮುಳುಗಿದರು, ಬದುಕಿ ಉಳಿದರು, ಅವರ ಮಕ್ಕಳೇ ಹೆಚ್ಚಾದರು. ಇದಕ್ಕೆ ಎಷ್ಟೋ ತಲೆಮಾರು ಬೇಕು, ಕುಮಟಾದವರ ಅಜ್ಜನಿಂದ ಅವರ ಮಗನವರೆಗಿನ ಕಾಲ ಏನೇನೂ ಸಾಲದು.

ಪ್ರಶ್ನೆ (ಶಿರಸಿ): ನಮ್ಮ ತೋಟದ ಅಡಿಕೆ ಕೊಯ್ಯೋ ಕೊನೆಗೌಡನ ಮಗ ಊರು ಬಿಟ್ಟ. ಅಡಿಕೆ ಮರ ಹತ್ತೋ ಕಲೆ ಇಲ್ಲಿಗೇ ಮುಗೀತಾ ಹಾಗಾದ್ರೆ?

ಉತ್ತರ: ಯಾರೂ ಕಲಿಯದಿದ್ದರೆ ಮುಗೀತು. ಈ ಸಲದ ಕೊಯ್ಲಿಗೆ ಕೊನೆಗೌಡರ ಜೊತೆ ಯಾರಾದರೂ ಹುಡುಗನನ್ನು ಕಲಿಯೋಕೆ ಕಳಿಸಿ. ಅವರ ಮನೆಯವನೇ ಆಗಬೇಕಂತೇನಿಲ್ಲ.