ಬೆನ್ನಿನ ಪಂಪ್ + ಫೈಬರ್ ದೋಟಿ: ಎರಡನೇ ಮಾಳಿಗೆ ಕಿಟಕಿಗೆ ನೀರು ಸಾಲುತ್ತಿಲ್ಲ

ಕಡಲಬದಿ_ಸುರತ್ಕಲ್
ಕಿಟಕಿ ಗಾಜಿನ ಉಪ್ಪು ತೊಳೆಯಲು ಇಟ್ಟುಕೊಂಡ ಸಾಮಾನು ಹೀಗಿದೆ: 18 ಲೀಟರಿನ ಬ್ಯಾಟರಿ ಸ್ಪ್ರೇಯರ್, 12 ವೋಲ್ಟ್ 8 ಆಂಪಿಯರ್-ಅವರ್ ಬ್ಯಾಟರಿ. ಪಂಪಿನ ಮೇಲೆ 60 ಪಿಎಸ್‌ಐ (ಒತ್ತಡದ ಅಳತೆ) ಅಂತ ಉಂಟು. 9 ಮೀಟರಿನ ಕಾರ್ಬನ್ ಫೈಬರ್ ದೋಟಿ, ಅಡಿಕೆ ಕೊಯ್ಯಲು ಬಳಸುವಂಥದ್ದೇ. ತುದಿಗೆ ನೈಲಾನ್ ಬ್ರಷ್, ವೈ ಕನೆಕ್ಟರ್, ಎರಡು ಹಿತ್ತಾಳೆ ಜೆಟ್. ಪೈಪ್ 12 ಮೀಟರ್, ಒಳವ್ಯಾಸ 5 ಮಿ.ಮೀ.

ಸಮಸ್ಯೆ: ಬ್ರಷ್ ಮೇಲೆ ಹೋದ ಮೇಲೆ ನೀರು ಸಣಕಲಾಗುತ್ತದೆ. ಗಾಜಿನ ಮೇಲಿನ ಉಪ್ಪು ಉಜ್ಜಿದಷ್ಟೂ ಮೆತ್ತಿಕೊಳ್ಳುತ್ತದೆ, ತೊಳೆದು ಹೋಗುವುದಿಲ್ಲ. 100 ಪಿಎಸ್‌ಐ ಪಂಪ್ ಹಾಕಿದರೆ ಸರಿಯಾದೀತಾ?

ಪಂಪ್‌ರಿಪೇರಿ
ಪಂಪ್ ತಗೊಳ್ಳಬೇಡಿ, ಮೊದಲು ಅಳೆಯಿರಿ. ಎತ್ತರದ ಮೇಲೆ ಎಲ್ಲರೂ ಗೂಬೆ ಕೂರಿಸುತ್ತಾರೆ, ಆದರೆ ಲೆಕ್ಕ ಸಣ್ಣದು. 10 ಮೀಟರ್ ನೀರು ಏರಿಸಲು ಸುಮಾರು 1 ಬಾರ್, ಅಂದರೆ 14 ಪಿಎಸ್‌ಐ ಬೇಕು. ನಿಮ್ಮ ಬ್ರಷ್ ಸುಮಾರು 8 ಮೀಟರ್ ಏರುತ್ತದೆ, ಅದಕ್ಕೆ 11-12 ಪಿಎಸ್‌ಐ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ 48 ಎಲ್ಲಿ ಸೋರಿ ಹೋಗುತ್ತಿದೆ ಅನ್ನುವುದೇ ಪ್ರಶ್ನೆ.

1 ಲೀಟರ್ ಬಾಟಲಿ, ಮೊಬೈಲ್ ಸ್ಟಾಪ್‌ವಾಚ್ ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ರೆಗ್ಯುಲೇಟರ್ ನಾಬ್ ಪೂರ್ತಿ ತಿರುಗಿಸಿ. ನಾಲ್ಕು ಕಡೆ ಬಾಟಲಿ ತುಂಬಲು ಎಷ್ಟು ಸೆಕೆಂಡ್ ಬೇಕು ಬರೆಯಿರಿ: ಪಂಪಿನ ಬಾಯಲ್ಲಿ ಪೈಪ್ ತೆಗೆದು, 12 ಮೀಟರ್ ಪೈಪ್ ನೆಲದಲ್ಲಿ ಬಿಡಿಸಿ ಅದರ ತುದಿಯಲ್ಲಿ, ಜೆಟ್ ಸಮೇತ ಬ್ರಷ್ ನೆಲದಲ್ಲಿಟ್ಟು, ಕೊನೆಗೆ ಮೇಲೆ, ಬಾಲ್ಕನಿಯಲ್ಲಿ ಒಬ್ಬರು ಬಾಟಲಿ ಹಿಡಿದು. ಮಲ್ಟಿಮೀಟರ್ ಇದ್ದರೆ ಪಂಪ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ನಲ್ಲೊಮ್ಮೆ, ಪಂಪಿನ ಟರ್ಮಿನಲ್‌ನಲ್ಲೊಮ್ಮೆ ವೋಲ್ಟೇಜ್ ನೋಡಿ.

ಪಂಪಿನ ಸದ್ದನ್ನೂ ಹೇಳಿ. ಒಂದೇ ಸಮ ಜೋರಾಗಿ ಓಡುತ್ತದಾ, ಟಕ್-ಟಕ್ ಎಂದು ನಿಂತು ನಿಂತು ಓಡುತ್ತದಾ?

ಕಡಲಬದಿ_ಸುರತ್ಕಲ್
ಪಂಪಿನ ಬಾಯಿ 19 ಸೆಕೆಂಡ್. ಪೈಪ್ ತುದಿ 25. ಬ್ರಷ್ ನೆಲದಲ್ಲಿ 65. ಮೇಲೆ 82.
ಬ್ಯಾಟರಿಯಲ್ಲಿ 12.3 ವೋಲ್ಟ್, ಪಂಪಿನಲ್ಲಿ 11.2.
ಬ್ರಷ್ ಹಾಕಿದ ಕೂಡಲೇ ಟಕ್-ಟಕ್ ಶುರು.

ಪಂಪ್‌ರಿಪೇರಿ
ಉತ್ತರ ನಿಮ್ಮ ಅಂಕಿಗಳಲ್ಲೇ ಉಂಟು. 12 ಮೀಟರ್ ಪೈಪಿಗೆ ಜಾಸ್ತಿಯಾದದ್ದು 6 ಸೆಕೆಂಡ್, ಎತ್ತರಕ್ಕೆ 17. ಎರಡು ಸಣ್ಣ ಜೆಟ್‌ಗೆ 40! ಕಳ್ಳ ಅಲ್ಲೇ ಕೂತಿದ್ದಾನೆ.

ಟಕ್-ಟಕ್ ಕೂಡ ಅದನ್ನೇ ಹೇಳುತ್ತದೆ. ಪಂಪಿನ ತಲೆಯಲ್ಲಿ ಪ್ರೆಷರ್ ಸ್ವಿಚ್ ಇದೆ. ಹೊರಗೆ ಹೋಗುವ ದಾರಿ ಕಟ್ಟಿದರೆ ಒತ್ತಡ 60 ಮುಟ್ಟಿ ಮೋಟಾರ್ ಆಫ್ ಆಗುತ್ತದೆ, ಒತ್ತಡ ಇಳಿದರೆ ಮತ್ತೆ ಆನ್. ಅಂದರೆ ಪಂಪಿಗೆ ಶಕ್ತಿ ಇದೆ, ದಾರಿ ಇಲ್ಲ. ಇದಕ್ಕೆ 100 ಪಿಎಸ್‌ಐ ಪಂಪ್ ಹಾಕಿದರೆ ನೀರು ಸ್ವಲ್ಪ ಜಾಸ್ತಿಯಾದೀತು, ಜೊತೆಗೆ ಪೈಪಿನ ಜಾಯಿಂಟ್‌ಗಳು ಒಂದೊಂದಾಗಿ ಹಾರುತ್ತವೆ. ಸ್ವಿಚ್ಚಿನ ಸ್ಕ್ರೂ ಬಿಗಿ ಮಾಡಿ ಒತ್ತಡ ಏರಿಸುವ ಉಪಾಯ ಕೆಲವರು ಹೇಳುತ್ತಾರೆ, ಅದೂ ಬೇಡ. ಮೋಟಾರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ಡಯಾಫ್ರಾಮ್ (ಪಂಪಿನೊಳಗಿನ ರಬ್ಬರ್ ಪೊರೆ) ಬೇಗ ಹರಿಯುತ್ತದೆ.

ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ತೂತು ಎಷ್ಟು ಮಿ.ಮೀ.?

ಕಡಲಬದಿ_ಸುರತ್ಕಲ್
1 ಮಿ.ಮೀ. ಡ್ರಿಲ್ ಬಿಟ್ ಸರಿಯಾಗಿ ಕೂರುತ್ತದೆ. ಒಂದರಲ್ಲಿ ಬೆಳಕೇ ಕಾಣುವುದಿಲ್ಲ, ಹಸಿರು ಲೋಳೆ ತುಂಬಿದೆ.

ಗಾಜು_ಮಣಿಪಾಲ
ಆ ಲೋಳೆ ಟ್ಯಾಂಕಿನ ಪಾಚಿ. ಬಿಳಿ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಬೆಳಕು ಒಳಗೆ ಹೋಗುತ್ತದೆ, ನಮ್ಮ ಊರಿನ ಸೆಕೆಯಲ್ಲಿ ನೀರು ಹಾಗೇ ಬಿಟ್ಟರೆ ವಾರದಲ್ಲಿ ಗೋಡೆ ಜಾರಲು ಶುರು. ಕೆಲಸ ಮುಗಿದ ದಿನವೇ ಟ್ಯಾಂಕ್, ಪೈಪ್ ಎರಡನ್ನೂ ಖಾಲಿ ಮಾಡಿ ಮುಚ್ಚಳ ತೆಗೆದು ನೆರಳಲ್ಲಿ ಕವುಚಿ ಹಾಕಿ. ಹೊರಗೆ ಕಪ್ಪು ಬಟ್ಟೆ ಸುತ್ತಿದರೂ ಆದೀತು.

ಟ್ಯಾಂಕಿನ ತಳದ ಜಾಲರಿಯನ್ನೂ ಈಗಲೇ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಬಾವಿ ನೀರಾದರೆ ಅದರಲ್ಲಿ ಕೆಂಪು ಹೂಳು ಕೂತಿರುತ್ತದೆ.

ಜೆಟ್ ವಿಷಯ: 1 ಮಿ.ಮೀ. ತೂತು ಬ್ರಷ್‌ಗೆ ತೀರಾ ಸಣ್ಣದು. ವ್ಯಾಸ ದುಪ್ಪಟ್ಟಾದರೆ ತೂತಿನ ವಿಸ್ತೀರ್ಣ 4 ಪಟ್ಟು, ಅದೇ ನೀರು ಹೋಗಲು ಬೇಕಾಗುವ ಒತ್ತಡ ಸುಮಾರು 16ರಲ್ಲಿ ಒಂದು ಭಾಗ. ಎರಡು ಜೆಟ್‌ನಿಂದ ನಿಮಿಷಕ್ಕೆ 2 ಲೀಟರ್ ಬಿಡಲು 1 ಮಿ.ಮೀ.ಗೆ ಸುಮಾರು 50 ಪಿಎಸ್‌ಐ ಬೇಕು, 2 ಮಿ.ಮೀ.ಗೆ 3-4 ಸಾಕು. ಹಿತ್ತಾಳೆ ಮೆತ್ತಗಿನದು, 1.5 ಬಿಟ್ ಹಾಕಿ, ಆಮೇಲೆ 2. ಮೆಷಿನ್ ಬೇಡ, ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿಯುವ ಹಿಡಿ) ಕೈಯಿಂದಲೇ ತಿರುಗಿಸಿ. ನೇರ ಹೋಗದಿದ್ದರೆ ನೀರು ಓರೆಯಾಗಿ ಹಾರುತ್ತದೆ. ಪುಡಿ ಪೂರ್ತಿ ತೊಳೆದೇ ಜೋಡಿಸಿ.

ಪಂಪ್‌ರಿಪೇರಿ
ಸರಿ. ಇನ್ನು ವೋಲ್ಟೇಜ್. ಬ್ಯಾಟರಿಯಿಂದ ಪಂಪಿಗೆ ಒಂದು ಅಡಿ ವಯರ್, ಅಷ್ಟರಲ್ಲಿ 1.1 ವೋಲ್ಟ್ ಮಾಯ. ವಯರ್ ಅಷ್ಟು ತಿನ್ನುವುದಿಲ್ಲ. ವಯರಿನ ತುದಿಯ ಸ್ಪೇಡ್ ಕನೆಕ್ಟರಿಗೆ (ತಳ್ಳಿ ಸಿಕ್ಕಿಸುವ ಚಪ್ಪಟೆ ಲೋಹದ ಜೋಡಣೆ) ಕಿಲುಬು ಹಿಡಿದಿರುತ್ತದೆ. ಸುರತ್ಕಲ್, ಮಲ್ಪೆ ಬದಿಯ ಉಪ್ಪು ಗಾಳಿಗೆ ಇದು ಮಾಮೂಲು. ಎಳೆದು ತೆಗೆದು ಸ್ಯಾಂಡ್‌ಪೇಪರ್‌ನಲ್ಲಿ ಹೊಳೆಯುವವರೆಗೆ ಉಜ್ಜಿ. ಹೆಣ್ಣು ಕನೆಕ್ಟರ್ ಸಡಿಲವಾಗಿದ್ದರೆ ಇಕ್ಕಳದಿಂದ ಸ್ವಲ್ಪ ಒತ್ತಿ. ಜೋಡಿಸಿದ ಮೇಲೆ ವ್ಯಾಸಲೀನ್ ಸವರಿ. ಸ್ವಿಚ್‌ನ ಹಿಂದಿನ ಎರಡು ಕನೆಕ್ಟರ್ ಮರೆಯಬೇಡಿ, ಹೆಚ್ಚಾಗಿ ಅಲ್ಲೇ ಇರುತ್ತದೆ.

ಪೈಪಿಗೆ ಈಗ ಕೈ ಹಾಕಬೇಡಿ. 8 ಮಿ.ಮೀ. ಪೈಪಿನಲ್ಲಿ ನಷ್ಟ ಕಡಿಮೆಯೇ, ಆದರೆ ಮೀಟರಿಗೆ 50 ಗ್ರಾಂ ನೀರು ದೋಟಿ ಮೇಲೆ ತೂಗುತ್ತದೆ, 5 ಮಿ.ಮೀ.ನಲ್ಲಿ 20 ಗ್ರಾಂ. ಸಂಜೆ ಹೊತ್ತಿಗೆ ಭುಜಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ.

ತೋಟದವ_ಪುತ್ತೂರು
ಒಂದು ಎಚ್ಚರಿಕೆ. ತೋಟದಲ್ಲಿ ಮೈಲುತುತ್ತು-ಸುಣ್ಣದ ದ್ರಾವಣ ಬಿಟ್ಟ ಪಂಪನ್ನು ಈ ಕೆಲಸಕ್ಕೆ ತರಬೇಡಿ. ಸುಣ್ಣದ ಚಕ್ಕೆ ಎಷ್ಟು ತೊಳೆದರೂ ಪೈಪಿನೊಳಗಿಂದ ಬಿಡಿಸಿಕೊಂಡು ಬಂದು ಜೆಟ್ ಕಟ್ಟುತ್ತದೆ. ತಾಮ್ರದ ಅಂಶ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಕೂತರೆ ಅಲ್ಲಲ್ಲಿ ಗುಳಿ ಬೀಳುತ್ತದೆ.

ಕಾರ್ಬನ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಒದ್ದೆಯಾದ ಪೈಪಿನಲ್ಲೂ ಹರಿಯುತ್ತದೆ. ಮೆಸ್ಕಾಂನ ಕರೆಂಟ್ ತಂತಿ ಹಾದು ಹೋಗುವ ಬದಿಯ ಕಿಟಕಿಗೆ ದೋಟಿ ಎತ್ತಲೇಬೇಡಿ, ಅದನ್ನು ಒಳಗಿನಿಂದ ಒರೆಸಿಕೊಳ್ಳಿ.

ಕಡಲಬದಿ_ಸುರತ್ಕಲ್
ಜೆಟ್ 2 ಮಿ.ಮೀ. ಮಾಡಿ ಆಯಿತು. ಕನೆಕ್ಟರ್ ಉಜ್ಜಿದ ಮೇಲೆ ಪಂಪಿನಲ್ಲಿ 12.1 ವೋಲ್ಟ್. ಈಗ ಪಂಪಿನ ಬಾಯಿ 17 ಸೆಕೆಂಡ್, ಮೇಲೆ ಬ್ರಷ್‌ನಲ್ಲಿ 28! ಟಕ್-ಟಕ್ ಇಲ್ಲ. ಆದರೆ ಎರಡು ಸಂಗತಿ: ನಾಲ್ಕೈದು ನಿಮಿಷ ಓಡಿದ ಮೇಲೆ ನೀರು ನಿಧಾನ ಕಡಿಮೆಯಾಗುತ್ತದೆ, ಪಂಪಿನ ಸದ್ದೂ ಬದಲಾಗುತ್ತದೆ. ಮತ್ತೆ ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ.

ಪಂಪ್‌ರಿಪೇರಿ
ಕಡಿಮೆಯಾದಾಗ ಮುಚ್ಚಳ ಅರ್ಧ ಸುತ್ತು ಸಡಿಲಿಸಿ. ಉಸ್ಸೆಂದು ಗಾಳಿ ಎಳೆದು ನೀರು ಮೊದಲಿನಂತಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ, ಪಂಪ್ ಎಳೆಯಲಾರದು. ಶೆಡ್ಡಿನಲ್ಲಿ ಇಟ್ಟ ಪಂಪಾದರೆ ಆ ತೂತಿಗೆ ಕಣಜ ಮಣ್ಣು ಮೆತ್ತಿರುವುದೂ ಉಂಟು. ಸೂಜಿಯಲ್ಲಿ ಬಿಡಿಸಿ. ಒಳಗಿನ ರಬ್ಬರ್ ವಾಲ್ವ್ ಹರಿಯದಂತೆ ನೋಡಿ, ಇಲ್ಲವಾದರೆ ಬಗ್ಗಿದಾಗ ಬೆನ್ನಿಗೆ ನೀರು.

ಗಾಜು_ಮಣಿಪಾಲ
ಚುಕ್ಕೆಗೆ ಕಾರಣ ನೀರಿನ ಲವಣ, ಹರಿವಲ್ಲ. ಒರೆಸದೆ ಒಣಗಲು ಬಿಡುವುದಾದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 10 ಪಿಪಿಎಂ ಒಳಗಿರಬೇಕು. ಮನೆಯ ಆರ್‌ಓ ನಲ್ಲಿಯ ನೀರು ಸಾಲದು. ರುಚಿಗೆಂದು ಅದಕ್ಕೆ ಬೇಕೆಂದೇ ಲವಣ ಬೆರೆಸಿರುತ್ತಾರೆ. ಆರ್‌ಓ ಮೆಂಬ್ರೇನಿನಿಂದ (ನೀರು ಸೋಸುವ ಪೊರೆ) ನೇರ ಹಿಡಿದು ಡಿಐ ರೆಸಿನ್ (ಉಳಿದ ಲವಣ ಹೀರುವ ಹರಳು) ದಾಟಿಸಿ. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಹೆಚ್ಚೆಂದರೆ ಗಂಟೆಗೆ 12 ಲೀಟರ್ ಕೊಡುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ಕ್ಯಾನುಗಳಲ್ಲಿ ತುಂಬಿಡಬೇಕು. ರೆಸಿನ್ ಕಾರ್ಟ್ರಿಜ್ಜನ್ನು ಮಾತ್ರ ಪಂಪ್ ಮತ್ತು ಬ್ರಷ್ ನಡುವೆ ಕೂರಿಸಬೇಡಿ. ಈಗ ಗಳಿಸಿದ ಒತ್ತಡ ಅಲ್ಲಿ ಕಳೆಯುತ್ತದೆ.

ಈ ಹರಿವಿಗೆ 18 ಲೀಟರ್ 8-9 ನಿಮಿಷ ಮಾತ್ರ. ಉಜ್ಜುವಾಗ ನಾಬ್ ಅರ್ಧಕ್ಕೆ ಇಳಿಸಿ, ಉಪ್ಪು ತೊಳೆಯುವಾಗ ಪೂರ್ತಿ ಬಿಡಿ. ತೊಳೆಯುವುದು ಮೇಲಿನ ಚೌಕಟ್ಟಿನಿಂದ ಶುರುವಾಗಲಿ. ರಬ್ಬರ್ ಬೀಡಿಂಗ್‌ನಲ್ಲಿ ನಿಂತ ಉಪ್ಪು ನೀರು ಆಮೇಲೆ ಇಳಿದರೆ ಅದೇ ಗಾಜಿಗೆ ಮತ್ತೆ ಗೆರೆ.