ಗೋಡೌನ್ ಹಿಂದೆ ದೊಡ್ಡ ಲೈಟ್ ಇದ್ದರೂ ಕಳ್ಳರ ಮುಖ ಕಾಣಲಿಲ್ಲ, ಯಾಕೆ?

ಪ್ರಶ್ನೆ: ಸರ್, ತಿಪಟೂರಿನ ಹತ್ತಿರ ನಮ್ಮದೊಂದು ಕೊಬ್ಬರಿ ಗೋಡೌನ್ ಇದೆ. ಹೋದ ತಿಂಗಳು ಹಿಂಬಾಗಿಲಿನ ಬೀಗ ಒಡೆದು ಮೂರು ಚೀಲ ಉಂಡೆ ಕೊಬ್ಬರಿ ಹೊತ್ತುಕೊಂಡು ಹೋದರು. ಬಾಗಿಲ ಮೇಲೆ 200 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಉರಿಯುತ್ತಲೇ ಇತ್ತು. ಎದುರಿನ ಕಂಬದಲ್ಲಿ ಕ್ಯಾಮೆರಾನೂ ಇತ್ತು. ಫೂಟೇಜ್ ನೋಡಿದರೆ ಬರೀ ಬಿಳಿ ಬೆಳಕು, ನಡುವೆ ಎರಡು ಕಪ್ಪು ಆಕೃತಿ. ಇನ್ನೂ ದೊಡ್ಡ ಲೈಟ್ ಹಾಕಿಸಬೇಕಾ?

ಉತ್ತರ: ಬೇಡ ಸರ್. ಇರುವುದನ್ನೇ ಮೊದಲು ಇಳಿಸಿ. ನಾನು ವೈರಿಂಗ್ ಮಾಡುವ ಅಂಗಡಿ, ಮಿಲ್ಲುಗಳಲ್ಲೂ ಇದೇ ತಪ್ಪು ನೋಡುತ್ತೇನೆ. ನಿಮ್ಮ ಲೈಟಿನ ಮುಖ ಕ್ಯಾಮೆರಾ ಕಡೆಗಿದೆ. ಎದುರಿನಿಂದ ಲಾರಿ ಹೈಬೀಮ್ ಹಾಕಿಕೊಂಡು ಬಂದರೆ ಡ್ರೈವರ್ ಮುಖ ಕಾಣುತ್ತದಾ? ಅಲ್ಲಿ ಆಗಿರುವುದೂ ಅದೇ.

ಅದರ ಬದಲು 20 ವ್ಯಾಟಿನ ನಾಲ್ಕು ಲೈಟ್ ತನ್ನಿ. ಮೂರನ್ನು 10–12 ಅಡಿ ಎತ್ತರದಲ್ಲಿ ಗೋಡೆಗೆ ಕೂರಿಸಿ, ಮುಖ ನೆಲಕ್ಕೆ ಬಾಗಿರಲಿ. ಒಂದರ ಬೆಳಕು ಮುಗಿಯುವ ಮೊದಲೇ ಇನ್ನೊಂದರದ್ದು ಶುರುವಾಗಬೇಕು. ಸರಿಯಾಗಿ ಬಾಗಿಲ ಮೇಲೆ ಮಾತ್ರ ಬೇಡ. ನೆತ್ತಿಯ ಮೇಲಿಂದ ಬಿದ್ದ ಬೆಳಕಲ್ಲಿ ಕಣ್ಣು, ಮೂಗು ನೆರಳಾಗಿಬಿಡುತ್ತವೆ.

ನಾಲ್ಕನೆಯದು ಕ್ಯಾಮೆರಾ ಕಂಬದಿಂದ ಬಾಗಿಲ ಕಡೆ ಬೀಳಲಿ. ಬೀಗ ಒಡೆಯುವಾಗ ಕ್ಯಾಮೆರಾಗೆ ಸಿಗುವುದು ಬೆನ್ನು. ಚೀಲ ಹೊತ್ತು ಹೊರಗೆ ಬರುವಾಗಲೇ ಮುಖ, ಆಗ ಬೆಳಕು ಎದುರಿನಿಂದ ಬೀಳಬೇಕು. ಕ್ಯಾಮೆರಾ ಪಕ್ಕದಲ್ಲೇ ಕಟ್ಟಬೇಡಿ, ಎರಡು ಮೂರು ಅಡಿ ಮೇಲಿರಲಿ. ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಲೆ ನೇಯುತ್ತದೆ, ಲೆನ್ಸ್ ಮುಚ್ಚಿಹೋಗುತ್ತದೆ.

ಕರೆಂಟೂ ಉಳಿಯುತ್ತದೆ. ಹಳೆಯದು 12 ಗಂಟೆ ಹೊತ್ತು ಉರಿದರೆ 2.4 ಯೂನಿಟ್ ತಿನ್ನುತ್ತಿತ್ತು. ಈ ನಾಲ್ಕೂ ಸೇರಿ ಒಂದು ಯೂನಿಟ್ ದಾಟುವುದಿಲ್ಲ.

ಲೈಟಿನ ಡಬ್ಬದ ಮೇಲೆ ಐಪಿ65 ಅಂತ ಇದೆಯಾ ನೋಡಿ, ಅದು ಧೂಳು, ಮಳೆನೀರು ಒಳಗೆ ಹೋಗುವುದಿಲ್ಲ ಅನ್ನುವ ಗುರುತು. ಜಾಯಿಂಟಿಗೆ ಸುಮ್ನೆ ಟೇಪ್ ಸುತ್ತಿ ಬಿಡಬೇಡಿ, ನೀರು ಹೋಗದ ಬಾಕ್ಸ್ ಒಳಗೇ ಮಾಡಿಸಿ. ಪಕ್ಕದಲ್ಲಿ ಒಣ ಮಟ್ಟೆ ಇರುವ ಜಾಗ, ಒಂದು ಕಿಡಿ ಸಾಕು. ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್) ಇರಲೇಬೇಕು.

ಇನ್ನೊಬ್ಬರ ಪ್ರಶ್ನೆ: ಅಣ್ಣ, ಸೆನ್ಸರ್ ಲೈಟ್ ಸಾಲದಾ? ನಮ್ಮ ಅಂಗಡಿ ಹಿಂದೆ ಇದೆ, ಆದರೆ ನಾಯಿ ಓಡಾಡಿದರೂ ಹತ್ತಿಕೊಳ್ಳುತ್ತದೆ.

ಉತ್ತರ: ಅಕ್ಕಪಕ್ಕ ಮನೆ ಇದ್ದರೆ ಒಳ್ಳೆಯದು. ತಟ್ಟನೆ ಹತ್ತಿದರೆ ಯಾರಾದರೂ ತಿರುಗಿ ನೋಡುತ್ತಾರೆ. ನೋಡುವವರೇ ಇಲ್ಲದ ಕಡೆ ಅದು ಕಳ್ಳನಿಗೇ ದೀಪ ಹಿಡಿದ ಹಾಗೆ. ಸೆನ್ಸರ್ ಹಿಡಿಯುವುದು ಮೈ ಬಿಸಿಯ ಅಲುಗಾಟವನ್ನು. ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ, ನೇರ ಎದುರು ಬರುವವರನ್ನು ತಡವಾಗಿ. ಹಾಗಾಗಿ ದಾರಿಯ ಪಕ್ಕಕ್ಕೆ ಕೂರಿಸಿ. ನಾಯಿಗೆ ಉಪಾಯ ಇದೆ: ಸೆನ್ಸರಿನ ಉಬ್ಬಿದ ಮುಖದ ಕೆಳಭಾಗಕ್ಕೆ ಸ್ವಲ್ಪ ಕಪ್ಪು ಟೇಪ್ ಅಂಟಿಸಿ ನೋಡಿ.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಸರ್. ಕರೆಂಟ್ ಹೋದರೆ?

ಉತ್ತರ: ಬಾಗಿಲ ಹತ್ತಿರದ ಒಂದು ಲೈಟು, ಜೊತೆಗೆ ಕ್ಯಾಮೆರಾ, ಎರಡನ್ನೂ ಇನ್ವರ್ಟರಿಗೆ ಕೊಡಿ. ಗೋಡೆಗೆ ಒರಗಿಸಿದ ಮಟ್ಟೆ ರಾಶಿ ಇದ್ದರೆ ದೂರ ಸರಿಸಿ, ಅದರ ನೆರಳಲ್ಲಿ ಇಬ್ಬರು ಆರಾಮಾಗಿ ಕೂರಬಹುದು. ಲೈಟ್ ಹಾಕಿಸಿದ ದಿನ ರಾತ್ರಿ ಮನೆಯವರೊಬ್ಬರನ್ನು ಬಾಗಿಲವರೆಗೆ ನಡೆದು ವಾಪಸ್ ಬರಲು ಹೇಳಿ, ನೀವು ಮೊಬೈಲಲ್ಲಿ ಕ್ಯಾಮೆರಾ ನೋಡುತ್ತಾ ಇರಿ. ಮುಖ ಗುರುತು ಸಿಗುವ ತನಕ ಲೈಟ್ ತಿರುಗಿಸಿ. ಆಮೇಲೆ ಬೋಲ್ಟ್ ಬಿಗಿ ಮಾಡಿಸಿ.